ಪಕ್ಕದ ಕೌಂಟಿಗೆ ಹಣ ಬಂತು, ಈ ಕೌಂಟಿಗೆ ಏಕಿಲ್ಲ? ಅಮೆರಿಕದ ಬೆಳೆ ಸಬ್ಸಿಡಿಯ ಲೆಕ್ಕ

ಪ್ರಶ್ನೆ: ನನ್ನ ತಮ್ಮ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಕೆಲಸದ ವೀಸಾದ ಮೇಲಿದ್ದಾನೆ. ಅಲ್ಲಿನ ಹಳ್ಳಿಗಾಡಿನ ಕೌಂಟಿಯೊಂದರಲ್ಲಿ (ನಮ್ಮ ಜಿಲ್ಲೆ, ತಾಲ್ಲೂಕಿನಂಥ ಆಡಳಿತ ಘಟಕ) 80 ಎಕರೆ ಮೆಕ್ಕೆಜೋಳದ ಭೂಮಿ ಕೊಂಡು, ಅದನ್ನು ಸ್ಥಳೀಯ ರೈತರಿಗೆ ಗುತ್ತಿಗೆ ಕೊಡುವ ಯೋಚನೆಯಲ್ಲಿದ್ದಾನೆ. ‘ಇದು ಸರ್ಕಾರದ ಹಣ ಬರುವ ಭೂಮಿ’ ಎನ್ನುತ್ತಾರೆ ಮಾರುವವರು. ಆದರೆ ರಸ್ತೆ ದಾಟಿದರೆ ಪಕ್ಕದ ಕೌಂಟಿ. ಅಲ್ಲಿ ಒಮ್ಮೊಮ್ಮೆ ಏನೂ ಬರುವುದಿಲ್ಲವಂತೆ. ನಮ್ಮ ಬೆಳೆ ವಿಮೆ ಪಂಚಾಯಿತಿ ಲೆಕ್ಕದಲ್ಲಿ ಬರುವ ಹಾಗೆಯೇ ಇದೂ ಇದೆಯೇ? ಹಣ ಮಾಲೀಕನಿಗೋ, ಗೇಣಿದಾರನಿಗೋ? ಅಂತರ್ಜಾಲದ ಪಟ್ಟಿಗಳಲ್ಲಿ ಒಂದೊಂದು ಹೆಸರಿನ ಮುಂದೆ ಕಾಣುವ ಲಕ್ಷಗಟ್ಟಲೆ ಡಾಲರ್ ನಿಜವೇ?

ಉತ್ತರ: ವ್ಯವಹಾರಕ್ಕೆ ನೇರವಾಗಿ ತಟ್ಟುವ ಮಾತನ್ನು ಮೊದಲು ಹೇಳುತ್ತೇನೆ. ನಿಮ್ಮ ತಮ್ಮ ಆ ಭೂಮಿಯನ್ನು ನಗದು ಗುತ್ತಿಗೆಗೆ ಕೊಟ್ಟರೆ ಬೆಳೆ ಸಬ್ಸಿಡಿಯ ಒಂದು ಡಾಲರ್ ಕೂಡ ಅವರ ಹೆಸರಿಗೆ ಬರುವುದಿಲ್ಲ. ಎಕರೆಗೆ ಇಂತಿಷ್ಟು ಎಂದು ಮೊದಲೇ ಗೊತ್ತು ಮಾಡಿಕೊಂಡ ಮಾಲೀಕನಿಗೆ ಬೆಳೆ ಹೋದರೂ ಬೆಲೆ ಬಿದ್ದರೂ ನಷ್ಟವಿಲ್ಲ. ನಷ್ಟದ ಭಾರ ಹೊತ್ತವನಿಗೆ ಹಣ ಎನ್ನುವುದು ಅಲ್ಲಿನ ನಿಯಮ, ಹಾಗಾಗಿ ಅದು ಪೂರ್ತಿ ಗೇಣಿದಾರನದು. ನಮ್ಮ ಕಡೆಯ ಕೋರಿನ ಹಾಗೆ ಬೆಳೆಯನ್ನೇ ಪಾಲು ಮಾಡಿಕೊಳ್ಳುವ ಕರಾರಿದ್ದರೆ ಮಾತ್ರ ಸರ್ಕಾರದ ಹಣವೂ ಅದೇ ಪಾಲಿನಲ್ಲಿ ಇಬ್ಬರಿಗೂ ಹೋಗುತ್ತದೆ. ನಗದು ಗುತ್ತಿಗೆಯ ಮಾಲೀಕನಿಗೆ ಇದರ ಲಾಭ ಸುತ್ತು ಹಾದಿಯಲ್ಲಿ ಬರುತ್ತದೆ: ಸಬ್ಸಿಡಿ ಬರುವ ಭೂಮಿಗೆ ಗೇಣಿದಾರರು ಸ್ವಲ್ಪ ಹೆಚ್ಚು ಗುತ್ತಿಗೆ ಕೊಡಲು ಮುಂದೆ ಬರುತ್ತಾರೆ, ಅದರಿಂದ ಭೂಮಿಯ ಬೆಲೆಯೂ ಏರುತ್ತದೆ. ಮಾರುವವರು ಆ ಏರಿಕೆಯನ್ನು ಈಗಾಗಲೇ ಬೆಲೆಯಲ್ಲಿ ಸೇರಿಸಿರುತ್ತಾರೆ. ಅದಕ್ಕೇ ಈ ಹಣದ ಲೆಕ್ಕ ಹೇಗೆ ಹುಟ್ಟುತ್ತದೆ ಎಂದು ತಿಳಿಯದೆ ಬೆಲೆ ಮಾತಾಡಬಾರದು.

ಹಣ ಕೌಂಟಿಯದಲ್ಲ, ಒಕ್ಕೂಟ ಸರ್ಕಾರದ ಕೃಷಿ ಇಲಾಖೆಯದು. ಅದರ ಫಾರ್ಮ್ ಸರ್ವಿಸ್ ಏಜೆನ್ಸಿಗೆ (ಎಫ್‌ಎಸ್‌ಎ) ಎರಡು ಸಾವಿರಕ್ಕೂ ಹೆಚ್ಚು ಕೌಂಟಿ ಕಚೇರಿಗಳಿವೆ. ನಮ್ಮ ರೈತ ಸಂಪರ್ಕ ಕೇಂದ್ರ ಮತ್ತು ತಾಲ್ಲೂಕು ಕಚೇರಿಯ ಭೂಮಿ ಶಾಖೆ ಒಂದೇ ಸೂರಿನಡಿ ಕೂತಂತೆ ಎಂದುಕೊಳ್ಳಿ. ಪ್ರತಿ ಕಚೇರಿಯ ಮೇಲೆ ರೈತರೇ ಮತ ಹಾಕಿ ಆರಿಸಿದ ಕೌಂಟಿ ಸಮಿತಿ ಇರುತ್ತದೆ, ಅವಧಿ 3 ವರ್ಷ. ತಕರಾರು ಕೇಳುವುದು, ಬಿತ್ತಲಾಗದೆ ಹೋದ ಜಮೀನಿನ ಅರ್ಜಿ ನೋಡುವುದು ಇತ್ಯಾದಿ ಆ ಸಮಿತಿಯ ಕೆಲಸ. ಎಕರೆಗೆ ಎಷ್ಟು ಎನ್ನುವ ದರ ಅದರ ಕೈಯಲ್ಲಿಲ್ಲ. ‘ಕೌಂಟಿಯವರನ್ನು ಹಿಡಿದರೆ ಕೆಲಸ ಆಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ದರ ಹುಟ್ಟುವುದು ಮೂರು ಅಂಕಿಗಳಿಂದ: ಜಮೀನಿಗೆ ಅಂಟಿದ ಹಳೆಯ ಎಕರೆ ದಾಖಲೆ, ಇಳುವರಿ, ಬೆಲೆ. ಇವುಗಳಲ್ಲಿ ಮೊದಲನೆಯದೇ ಎಲ್ಲರನ್ನೂ ಗಲಿಬಿಲಿ ಮಾಡುವುದು. ಅದನ್ನು ‘ಬೇಸ್ ಎಕರೆ’ ಎನ್ನುತ್ತಾರೆ. ಈ ವರ್ಷ ನೀವು ಏನು ಬಿತ್ತಿದಿರಿ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ. ಹಿಂದೆ ಆ ಜಮೀನಿನಲ್ಲಿ ಯಾವ ಬೆಳೆ ಎಷ್ಟು ಎಕರೆ ಇತ್ತು ಎಂಬ ಚರಿತ್ರೆ ಅದು. ಬಹಳಷ್ಟು ಬೇಸ್‌ನ ಬೇರು 1980ರ ದಶಕದಲ್ಲಿದೆ. 2002ರ ಕಾನೂನು 1998ರಿಂದ 2001ರ ಬಿತ್ತನೆ ನೋಡಿ ಅದನ್ನು ಪರಿಷ್ಕರಿಸಲು ಬಿಟ್ಟಿತು. 2014ರ ಕಾನೂನು ಒಟ್ಟು ಎಕರೆ ಹೆಚ್ಚಿಸದೆ ಬೆಳೆಗಳ ನಡುವೆ ಮರುಹಂಚಿಕೆಗೆ ಅವಕಾಶ ಕೊಟ್ಟಿತು. 2025ರ ಜುಲೈ 4ರಂದು ಸಹಿಯಾದ ಕಾನೂನು ದೇಶದಲ್ಲಿ 3 ಕೋಟಿ ಎಕರೆಯವರೆಗೆ ಹೊಸ ಬೇಸ್ ಸೇರಿಸಲು ದಾರಿ ಮಾಡಿತು. ಮೆಕ್ಕೆಜೋಳದ ಬೇಸ್ ಇರುವ ಜಮೀನಿನಲ್ಲಿ ಪೂರ್ತಿ ಸೋಯಾ ಬಿತ್ತಿದರೂ ಹಣ ಮೆಕ್ಕೆಜೋಳದ ಲೆಕ್ಕದಲ್ಲೇ ಬರುತ್ತದೆ. ಹಣ್ಣು ತರಕಾರಿ ಮಾತ್ರ ಮಿತಿ ಮೀರಿ ಹಾಕಿದರೆ ಹಣ ಪಡೆಯುವ ಎಕರೆ ಕಡಿತವಾಗುತ್ತದೆ. ಹೀಗಾಗಿ ಅಕ್ಕಪಕ್ಕದ ಎರಡು 80 ಎಕರೆಗಳಲ್ಲಿ ಒಂದಕ್ಕೆ 72 ಎಕರೆ ಬೇಸ್, ಇನ್ನೊಂದಕ್ಕೆ 15 ಎಕರೆ ಬೇಸ್ ಇರಬಹುದು. ಮಣ್ಣು ಒಂದೇ, ಕಾಗದ ಬೇರೆ.

ಬೇಸ್ ಇದ್ದಷ್ಟಕ್ಕೂ ಹಣವಿಲ್ಲ, ಅದರ ಶೇ. 85ಕ್ಕೆ ಮಾತ್ರ.

ಇನ್ನು ಯೋಜನೆ. ರೈತರ ಮುಂದೆ ಮುಖ್ಯವಾಗಿ ಎರಡು ಆಯ್ಕೆಗಳಿವೆ, ಎರಡೂ 2014ರಲ್ಲಿ ಬಂದವು. ಪಿಎಲ್‌ಸಿ (ಪ್ರೈಸ್ ಲಾಸ್ ಕವರೇಜ್) ಎನ್ನುವುದು ಬೆಲೆಗೆ ಮಾತ್ರ ಕಾವಲು. ಕಾನೂನಿನಲ್ಲಿ ಬರೆದ ಆಧಾರ ಬೆಲೆಗಿಂತ ದೇಶದ ವರ್ಷದ ಸರಾಸರಿ ಮಾರುಕಟ್ಟೆ ಬೆಲೆ ಕೆಳಗಿಳಿದರೆ ಆ ವ್ಯತ್ಯಾಸವನ್ನು ಸರ್ಕಾರ ತುಂಬುತ್ತದೆ. ಇಲ್ಲಿ ಕೌಂಟಿಗೆ ಪಾತ್ರವೇ ಇಲ್ಲ. 2019ರ ಬೆಳೆಯನ್ನು ನೋಡಿ: ಗೋಧಿಯ ಆಧಾರ ಬೆಲೆ ಬುಶೆಲ್‌ಗೆ 5.50 ಡಾಲರ್, ಸರಾಸರಿ ಬೆಲೆ 4.58, ಬುಶೆಲ್‌ಗೆ 92 ಸೆಂಟ್ ಬಂತು. ಮೆಕ್ಕೆಜೋಳ 3.70ರ ಎದುರು 3.56, ಬಂದದ್ದು 14 ಸೆಂಟ್. ಸೋಯಾ 8.40ರ ಎದುರು 8.57, ಏನೂ ಇಲ್ಲ. ಒಂದೇ ವರ್ಷ, ಒಂದೇ ಯೋಜನೆ, ಮೂರು ಬೆಳೆಗೆ ಮೂರು ಫಲ. 2025ರ ಕಾನೂನು ಈ ಆಧಾರ ಬೆಲೆಗಳನ್ನು ಗೋಧಿಗೆ 6.35, ಮೆಕ್ಕೆಜೋಳಕ್ಕೆ 4.10, ಸೋಯಾಗೆ 10.00 ಡಾಲರ್‌ಗೆ ಏರಿಸಿದೆ. ಹಿಂದಿನ ವರ್ಷಗಳ ಮಾರುಕಟ್ಟೆ ಚೆನ್ನಾಗಿದ್ದರೆ ಇದು ಇನ್ನೂ ಮೇಲೇರುತ್ತದೆ: 5 ವರ್ಷಗಳ ಬೆಲೆಯಲ್ಲಿ ಅತಿ ಹೆಚ್ಚಿನದು ಮತ್ತು ಅತಿ ಕಡಿಮೆಯದು ಬಿಟ್ಟು ಉಳಿದ ಮೂರರ ಸರಾಸರಿಯ ಶೇ. 88 ತೆಗೆಯುತ್ತಾರೆ. 2025ರ ಮೆಕ್ಕೆಜೋಳಕ್ಕೆ ಆ ಮೂರು ಬೆಲೆ 4.53, 6.00, 4.55, ಸರಾಸರಿ 5.03, ಅದರ ಶೇ. 88 ಎಂದರೆ 4.42 ಡಾಲರ್. ಆ ವರ್ಷದ ನಿಜವಾದ ಆಧಾರ ಬೆಲೆ ಅದೇ. ಈ ಏರಿಕೆಗೂ ಮಿತಿ ಇದೆ, ಕಾನೂನಿನ ಬೆಲೆಯ ಶೇ. 115ನ್ನು ದಾಟುವಂತಿಲ್ಲ.

ಎರಡನೆಯದು ಎಆರ್‌ಸಿ (ಅಗ್ರಿಕಲ್ಚರ್ ರಿಸ್ಕ್ ಕವರೇಜ್). ನಿಮ್ಮ ಪ್ರಶ್ನೆಯ ಮರ್ಮ ಇಲ್ಲಿದೆ. ಇದು ಬೆಲೆಯನ್ನಷ್ಟೇ ಅಲ್ಲ, ಎಕರೆಯ ಆದಾಯವನ್ನು ಕಾಯುತ್ತದೆ. ಆದರೆ ಆ ಆದಾಯ ನಿಮ್ಮ ಜಮೀನಿನದಲ್ಲ, ಇಡೀ ಕೌಂಟಿಯ ಸರಾಸರಿಯದು. ನಮ್ಮ ಫಸಲ್ ಬಿಮಾ ಯೋಜನೆಯೊಂದಿಗೆ ಹೋಲಿಸಿದ್ದು ಸರಿಯಾಗಿಯೇ ಇದೆ. ನಮ್ಮಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಘಟಕ; ಅಲ್ಲಿ ಕೌಂಟಿ ಘಟಕ. ನಮ್ಮಲ್ಲಿ ಹಿಂದಿನ 7 ವರ್ಷಗಳಲ್ಲಿ ಉತ್ತಮ 5 ವರ್ಷಗಳ ಇಳುವರಿ ತೆಗೆದುಕೊಳ್ಳುತ್ತಾರೆ. ಅಲ್ಲಿ 5 ವರ್ಷಗಳಲ್ಲಿ ನಡುವಿನ 3. ದೊಡ್ಡ ವ್ಯತ್ಯಾಸ ಎರಡು. ನಮ್ಮ ಯೋಜನೆ ಇಳುವರಿ ನೋಡುತ್ತದೆಯೇ ಹೊರತು ಬೆಲೆಯನ್ನಲ್ಲ, ಎಆರ್‌ಸಿ ಎರಡನ್ನೂ ಗುಣಿಸುತ್ತದೆ. ನಮ್ಮಲ್ಲಿ ರೈತ ಮುಂಗಾರಿಗೆ ಶೇ. 2, ಹಿಂಗಾರಿಗೆ ಶೇ. 1.5 ಕಂತು ಕಟ್ಟಬೇಕು; ಎಆರ್‌ಸಿಗೆ ಕಂತೇ ಇಲ್ಲ.

ಲೆಕ್ಕ ಮಾಡಿ ನೋಡೋಣ. ಎರಡು ಕಾಲ್ಪನಿಕ ಕೌಂಟಿಗಳು, ಎರಡರಲ್ಲೂ ಮೆಕ್ಕೆಜೋಳದ ಹಿಂದಿನ ಸರಾಸರಿ ಎಕರೆಗೆ 200 ಬುಶೆಲ್. (ಅಲ್ಲಿನ ಎಕರೆ ನಮ್ಮ 40 ಗುಂಟೆಯ ಎಕರೆಯೇ, ಮೆಕ್ಕೆಜೋಳದ ಬುಶೆಲ್ ಎಂದರೆ 25.4 ಕಿಲೊ. 200 ಬುಶೆಲ್ ಎಂದರೆ ಸುಮಾರು 51 ಕ್ವಿಂಟಲ್.) ಹಿಂದಿನ ಸರಾಸರಿ ಬೆಲೆ 5.03 ಡಾಲರ್ ಎಂದರೆ ಮಾನದಂಡ ಆದಾಯ ಎಕರೆಗೆ 1,006 ಡಾಲರ್. ಹೊಸ ಕಾನೂನಿನ ಖಾತರಿ ಅದರ ಶೇ. 90, ಅಂದರೆ 905.40. ಹಿಂದೆ ಇದು ಶೇ. 86 ಇತ್ತು. ಈಗ ವರ್ಷದ ಬೆಲೆ 4.20ಕ್ಕೆ ಇಳಿದಿದೆ ಎಂದುಕೊಳ್ಳಿ. ಮೊದಲ ಕೌಂಟಿಯಲ್ಲಿ ಮಳೆ ಕೈಕೊಟ್ಟು 190 ಬುಶೆಲ್ ಬಂತು: ಆದಾಯ 798, ಕೊರತೆ 107.40 ಡಾಲರ್. ರಸ್ತೆಯಾಚೆಯ ಕೌಂಟಿಯಲ್ಲಿ ಎರಡು ಹದ ಮಳೆ ಹೆಚ್ಚು ಬಿದ್ದು 215 ಬುಶೆಲ್ ಬಂತು: ಆದಾಯ 903, ಕೊರತೆ 2.40 ಡಾಲರ್. 50 ಎಕರೆ ಮೆಕ್ಕೆಜೋಳದ ಬೇಸ್ ಇರುವ ಜಮೀನಿಗೆ, ಶೇ. 85ರ ಲೆಕ್ಕದಲ್ಲಿ 42.5 ಎಕರೆಗೆ, ಈಚೆ 4,564 ಡಾಲರ್, ಆಚೆ 102 ಡಾಲರ್. ನಿಮ್ಮ ತಮ್ಮ ಕೇಳಿದ ಸುದ್ದಿ ಇದೇ. ಇದರಲ್ಲಿ ಮೋಸವಿಲ್ಲ, ಗಡಿಯ ಲೆಕ್ಕ ಅಷ್ಟೇ.

ಕಷ್ಟ ಎಲ್ಲಿದೆ ಎಂದರೆ, ಗಡಿಯಾಚೆಯ ಒಳ್ಳೆಯ ಕೌಂಟಿಯಲ್ಲಿ ಒಬ್ಬನ ಹೊಲಕ್ಕೆ ಮಾತ್ರ ಆಲಿಕಲ್ಲು ಬಿದ್ದು ಬೆಳೆ ನೆಲ ಕಚ್ಚಿದರೂ ಎಆರ್‌ಸಿಯಿಂದ ಅವನಿಗೆ ಎಕರೆಗೆ 2.40 ಡಾಲರೇ. ಈಚೆಯ ಕೌಂಟಿಯಲ್ಲಿ 230 ಬುಶೆಲ್ ತೆಗೆದವನಿಗೂ ಎಕರೆಗೆ 107. ರೈತ ಬೇಕೆಂದೇ ಇಳುವರಿ ಕಡಿಮೆ ತೋರಿಸಿ ಹಣ ಪಡೆಯಬಾರದು, ಪ್ರತಿ ಹೊಲಕ್ಕೂ ಅಳೆಯುವವರನ್ನು ಕಳಿಸುವ ಖರ್ಚೂ ಇರಬಾರದು ಎಂಬ ಕಾರಣಕ್ಕೆ ಸರಾಸರಿಯನ್ನು ಆರಿಸಿದ್ದಾರೆ. ಆ ಕಾರಣ ನ್ಯಾಯವಾದದ್ದೇ. ಆದರೂ ಕೌಂಟಿ ಎಂಬ ಘಟಕ ಇದಕ್ಕೆ ತೀರಾ ದೊಡ್ಡದು ಎಂದು ನನ್ನ ಅಭಿಪ್ರಾಯ. ಪಶ್ಚಿಮದ ಕೆಲವು ಕೌಂಟಿಗಳು ಎಷ್ಟು ವಿಸ್ತಾರ ಎಂದರೆ ಒಂದು ತುದಿಯ ಮಳೆಗೂ ಇನ್ನೊಂದು ತುದಿಯ ಮಳೆಗೂ ನೆಂಟಸ್ತಿಕೆಯಿಲ್ಲ. 2018ರ ಕೃಷಿ ಕಾನೂನು ಇದನ್ನು ಒಪ್ಪಿಕೊಂಡು, 1,400 ಚದರ ಮೈಲಿ ಮೀರಿದ ಮತ್ತು 1,90,000ಕ್ಕಿಂತ ಹೆಚ್ಚು ಬೇಸ್ ಎಕರೆ ಇರುವ ಕೌಂಟಿಗಳಲ್ಲಿ ಗರಿಷ್ಠ 25ನ್ನು ಭಾಗ ಮಾಡಲು ಬಿಟ್ಟಿತು. ಇಳುವರಿ ಅಂಕಿಯ ಮೂಲವನ್ನೂ ಅದೇ ಕಾನೂನು ಬದಲಿಸಿತು. ಮೊದಲು ರೈತರಿಗೆ ಕಳಿಸಿದ ಸಮೀಕ್ಷೆಯ ಉತ್ತರಗಳೇ ಆಧಾರವಾಗಿದ್ದವು, ಸಾಕಷ್ಟು ಉತ್ತರ ಬರದ ಕೌಂಟಿಗೆ ಬೇರೆಡೆಯಿಂದ ಅಂಕಿ ತರಬೇಕಾಗುತ್ತಿತ್ತು. 2014ರ ನಂತರದ ಮೊದಲ ವರ್ಷಗಳಲ್ಲಿ ಪಕ್ಕಪಕ್ಕದ ಕೌಂಟಿಗಳ ನಡುವೆ ಅಷ್ಟು ದೊಡ್ಡ ಅಂತರ ಕಂಡದ್ದಕ್ಕೆ ಅದೂ ಒಂದು ಕಾರಣ. ಈಗ ಬೆಳೆ ವಿಮೆಯ ದಾಖಲೆಗೆ ಮೊದಲ ಮಣೆ. ಜೊತೆಗೆ, ರೈತನ ಕಡತ ಯಾವ ಕಚೇರಿಯಲ್ಲಿದೆ ಎಂದು ನೋಡದೆ ಜಮೀನು ನಿಜವಾಗಿ ಯಾವ ಕೌಂಟಿಯಲ್ಲಿದೆಯೋ ಅದರ ದರವನ್ನೇ ಕೊಡುತ್ತಾರೆ.

ಎರಡರಲ್ಲಿ ಯಾವುದು ಲೇಸು? ಮೇಲಿನ ಉದಾಹರಣೆಯನ್ನೇ ಮುಂದುವರಿಸಿ. ಬೆಲೆ 4.20 ಇದ್ದಾಗ ಪಿಎಲ್‌ಸಿ ಕೊಡುವುದು ಬುಶೆಲ್‌ಗೆ 22 ಸೆಂಟ್. ಜಮೀನಿನ ದಾಖಲೆಯ ಇಳುವರಿ 160 ಬುಶೆಲ್ ಇದ್ದರೆ ಎಕರೆಗೆ 35.20, ಒಟ್ಟು 1,496 ಡಾಲರ್. ಎಆರ್‌ಸಿ ಗೆದ್ದಿತು. ಬೆಲೆ 3.60ಕ್ಕೆ ಕುಸಿದರೆ ಲೆಕ್ಕ ತಿರುಗುತ್ತದೆ. ಎಆರ್‌ಸಿಯ ಕೊರತೆ 221 ಡಾಲರ್ ಆದರೂ ಮಾನದಂಡ ಆದಾಯದ ಶೇ. 12ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಅಂದರೆ 120.72ಕ್ಕೆ ನಿಲ್ಲುತ್ತದೆ, ಒಟ್ಟು 5,130. ಪಿಎಲ್‌ಸಿ ಬುಶೆಲ್‌ಗೆ 82 ಸೆಂಟ್, ಎಕರೆಗೆ 131.20, ಒಟ್ಟು 5,576. ಬೆಲೆ ಸ್ವಲ್ಪ ಇಳಿದು ಇಳುವರಿಯೂ ತಗ್ಗಿದರೆ ಎಆರ್‌ಸಿ, ಬೆಲೆ ಆಳಕ್ಕೆ ಕುಸಿದರೆ ಪಿಎಲ್‌ಸಿ. ತೊಡಕೆಂದರೆ, ಸಾಮಾನ್ಯವಾಗಿ ಮಾರ್ಚ್ 15ರೊಳಗೆ, ಅಂದರೆ ಬಿತ್ತನೆಗೂ ಮುಂಚೆ, ಇದನ್ನು ಆರಿಸಬೇಕು. 2025ರ ಬೆಳೆಗೆ ಮಾತ್ರ ವಿನಾಯಿತಿ. ಎರಡರಲ್ಲಿ ಹೆಚ್ಚಿರುವುದು ತಾನಾಗಿ ಸಿಗುತ್ತದೆ.

ಹಣ ಬರುವ ಹೊತ್ತೂ ಮುಖ್ಯ. ಮೆಕ್ಕೆಜೋಳದ ಮಾರುಕಟ್ಟೆ ವರ್ಷ ಸೆಪ್ಟೆಂಬರ್‌ನಿಂದ ಮರುವರ್ಷದ ಆಗಸ್ಟ್‌ವರೆಗೆ. ಅದು ಮುಗಿದ ಮೇಲೆಯೇ ಸರಾಸರಿ ಬೆಲೆ ಗೊತ್ತಾಗುವುದರಿಂದ 2025ರ ಸುಗ್ಗಿಯ ಹಣ 2026ರ ಅಕ್ಟೋಬರ್‌ಗೆ. ಬೀಜ ಗೊಬ್ಬರದ ಸಾಲದ ಕಂತಿಗೆ ಇದನ್ನು ನೆಚ್ಚಿಕೊಂಡ ಗೇಣಿದಾರ ಗುತ್ತಿಗೆ ಹಣಕ್ಕೆ ತಡವರಿಸುವುದು ಇಲ್ಲಿಯೇ. ಇದರ ಮೇಲೆ ಬಜೆಟ್ ಕಡಿತವೆಂದು ಶೇ. 5–6ರಷ್ಟು ಮುರಿದುಕೊಳ್ಳುವ ಪದ್ಧತಿಯೂ ಇದೆ.

ಈ ಕಾಯಂ ಯೋಜನೆಗಳಲ್ಲದೆ ಆಗಾಗ ತುರ್ತು ಹಣವೂ ಬರುತ್ತದೆ, ಪ್ರತಿ ಸಲವೂ ಅಳತೆಗೋಲು ಬೇರೆ. ಚೀನಾದೊಂದಿಗೆ ಸುಂಕದ ಜಗಳವಾದಾಗ 2018ರಲ್ಲಿ ಬೆಳೆದ ಪ್ರಮಾಣದ ಮೇಲೆ ಕೊಟ್ಟರು: ಸೋಯಾ ಬುಶೆಲ್‌ಗೆ 1.65 ಡಾಲರ್, ಮೆಕ್ಕೆಜೋಳಕ್ಕೆ ಒಂದೇ ಸೆಂಟ್. ಮೆಕ್ಕೆಜೋಳದವರು ಸಿಟ್ಟಾದರು. 2019ರಲ್ಲಿ ಬೆಳೆಭೇದ ಬಿಟ್ಟು ಕೌಂಟಿಗೊಂದು ದರ ಮಾಡಿದರು, ಎಕರೆಗೆ 15ರಿಂದ 150 ಡಾಲರ್‌ವರೆಗೆ. ಆಗ ರಸ್ತೆಯ ಎರಡು ಬದಿಯವರು ಸಿಟ್ಟಾದರು. 2024ರ ಡಿಸೆಂಬರ್‌ನ ಕಾನೂನಿನಲ್ಲಿ ದೇಶಕ್ಕೆಲ್ಲ ಒಂದೇ ದರ, ಅದೂ ಬೇಸ್‌ಗಲ್ಲ, ಬಿತ್ತಿದ ಎಕರೆಗೆ: ಮೆಕ್ಕೆಜೋಳ 42.91, ಸೋಯಾ 29.76, ಗೋಧಿ 30.69 ಡಾಲರ್. ಮಾರುವವರು ‘ಕಳೆದ ವರ್ಷ ಇಷ್ಟು ಬಂತು’ ಎಂದು ತೋರಿಸುವ ಮೊತ್ತದಲ್ಲಿ ಇಂಥ ಒಂದು ಸಲದ ಹಣ ಎಷ್ಟು, ಪ್ರತಿ ವರ್ಷದ ಯೋಜನೆಯದು ಎಷ್ಟು ಎಂದು ಬಿಡಿಸಿ ಕೇಳಿ.

ಅಂತರ್ಜಾಲದ ಪಟ್ಟಿಗಳ ವಿಷಯ. ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಎಂಬ ಸಂಸ್ಥೆ 1995ರಿಂದೀಚಿನ ಸರ್ಕಾರಿ ಪಾವತಿಗಳನ್ನು ಕೌಂಟಿವಾರು ಒಟ್ಟುಗೂಡಿಸಿದೆ. ಅಂಕಿ ಸರ್ಕಾರದ್ದೇ, ನಿಜವಾದದ್ದೇ. ಓದುವಾಗ ಮಾತ್ರ ಎಚ್ಚರ ಬೇಕು. ಅಲ್ಲಿ ಕಾಣುವುದು ಎಷ್ಟೋ ಸಲ ಹಲವು ವರ್ಷಗಳ ಒಟ್ಟು ಮೊತ್ತ. ಪಾಲುದಾರಿಕೆಯ ಸಂಸ್ಥೆಯಾಗಿದ್ದರೆ ಹಲವರ ಹಣ ಒಂದೇ ಹೆಸರಿನ ಮುಂದೆ ಕೂತಿರುತ್ತದೆ. ಎಆರ್‌ಸಿ, ಪಿಎಲ್‌ಸಿ ಸೇರಿ ಒಬ್ಬ ವ್ಯಕ್ತಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ ಇತ್ತು, 2025ರ ಕಾನೂನು ಅದನ್ನು 1,55,000ಕ್ಕೆ ಏರಿಸಿತು. ಸಾಮಾನ್ಯ ಪಾಲುದಾರಿಕೆಯಲ್ಲಿ ಪ್ರತಿ ಪಾಲುದಾರನಿಗೂ ಬೇರೆ ಮಿತಿ ಇರುವುದರಿಂದ ದೊಡ್ಡ ಕುಟುಂಬಗಳು ಹಾಗೆಯೇ ಕಾಗದ ಮಾಡಿಕೊಳ್ಳುತ್ತವೆ. ಇದು ಕಾನೂನಿನೊಳಗೇ ಇದೆ. ಸಣ್ಣ ರೈತರ ಪಾಲಿಗೆ ನ್ಯಾಯವಲ್ಲ ಎಂದೇ ನಾನು ತಿಳಿದಿದ್ದೇನೆ, ಏಕೆಂದರೆ ಎಕರೆಗೆ ಬರುವ ಹಣ ಎಕರೆ ಹೆಚ್ಚಿದ್ದವನಿಗೇ ಹೆಚ್ಚು ಎಕರೆ ಹಿಡಿಯುವ ಬಲ ಕೊಡುತ್ತದೆ. ಇನ್ನು, ಬೆಳೆ ವಿಮೆಯ ಕಂತಿನಲ್ಲಿ ಸರ್ಕಾರ ಸರಾಸರಿ ಶೇ. 60ಕ್ಕೂ ಹೆಚ್ಚು ಭಾಗ ಹೊರುತ್ತದೆ, ಆಲಿಕಲ್ಲು ಬಿದ್ದ ಆ ರೈತನನ್ನು ಕಾಯುವುದು ಅದೇ. ಆದರೆ ಅದನ್ನು ಯಾರು ಎಷ್ಟು ಪಡೆದರು ಎಂಬ ಹೆಸರುವಾರು ವಿವರ ಬಹಿರಂಗವಿಲ್ಲ, ಹಾಗಾಗಿ ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಈಗ ಖರೀದಿಗೆ ಬನ್ನಿ. ಮಾರುವವರಿಂದ ‘ಎಫ್‌ಎಸ್‌ಎ-156 ಇಝಡ್’ ಎಂಬ ದಾಖಲೆ ಕೇಳಿ. ನಮ್ಮ ಪಹಣಿಯ ಹಾಗೆ ಅದರಲ್ಲಿ ಫಾರ್ಮ್ ಸಂಖ್ಯೆ, ಟ್ರ್ಯಾಕ್ಟ್ ಸಂಖ್ಯೆ, ಬೆಳೆವಾರು ಬೇಸ್ ಎಕರೆ, ಪಿಎಲ್‌ಸಿ ಇಳುವರಿ, ಯಾವ ಯೋಜನೆ ಆರಿಸಿದ್ದಾರೆ ಎಲ್ಲವೂ ಇರುತ್ತದೆ. ಬಾಯಿಮಾತಿನ ‘80 ಎಕರೆ ಬೇಸ್’ ಎಷ್ಟೋ ಸಲ ಇದರಲ್ಲಿ 60ಕ್ಕೆ ಇಳಿದಿರುತ್ತದೆ. ಈ 80 ಎಕರೆ ದೊಡ್ಡ ಹಿಡುವಳಿಯಿಂದ ಕತ್ತರಿಸಿ ಕೊಡುತ್ತಿರುವ ತುಂಡಾದರೆ, ಬೇಸ್ ಹೇಗೆ ಹಂಚಬೇಕೆಂಬ ಒಪ್ಪಂದಕ್ಕೆ, ಕಚೇರಿ ತನ್ನ ದಾಖಲೆಯಲ್ಲಿ ಹಿಡುವಳಿಯನ್ನು ಭಾಗ ಮಾಡುವ ಮುಂಚೆಯೇ, ಇಬ್ಬರೂ ಸಹಿ ಹಾಕಿ ಕೊಡಬೇಕು. ಅಂಥ ಒಪ್ಪಂದ ಇಲ್ಲದಿದ್ದರೆ ಕಚೇರಿ ತನ್ನ ಸೂತ್ರದಂತೆ ಹಂಚುತ್ತದೆ, ಮಾರಿದವರು ಒಪ್ಪಿದ್ದ ಹಂಚಿಕೆ ಕೈತಪ್ಪಬಹುದು. ಒಟ್ಟು ಬೇಸ್ 10 ಎಕರೆ ಅಥವಾ ಅದಕ್ಕಿಂತ ಕಡಿಮೆ ಇರುವ ಫಾರ್ಮಿಗೆ ಕೆಲವು ವರ್ಗದ ರೈತರನ್ನು ಬಿಟ್ಟರೆ ಹಣವೇ ಇಲ್ಲ.

ಜೌಗು ನೆಲವನ್ನೂ ಇಳಿಜಾರಿನ ಸವಕಳಿ ನೆಲವನ್ನೂ ಕೆಡಿಸಬಾರದು ಎಂಬ ನಿಯಮ 1985ರದು. ಅಂಥ ಜೌಗನ್ನು ಯಾರಾದರೂ ನೆಲದಡಿ ಕೊಳವೆ ಹಾಕಿ ಒಣಗಿಸಿದ್ದರೆ, ಗೇಣಿದಾರ ಬೇರೆಡೆ ಮಾಡುವ ಜಮೀನುಗಳ ಹಣವೂ ನಿಲ್ಲಬಹುದು. ಈ ನಿಯಮ ಪಾಲಿಸುತ್ತೇವೆ ಎಂದು ಬರೆದುಕೊಡುವ ‘ಎಡಿ-1026’ ನಮೂನೆ ತುಂಬಿದೆಯೇ, ಜೌಗಿನ ಬಗ್ಗೆ ಇಲಾಖೆಯ ನಿರ್ಣಯ ಕಡತದಲ್ಲಿದೆಯೇ ನೋಡಿ. ಹೊಸ ಚರಂಡಿ ಕೊಳವೆ ಹಾಕಿಸುವ ಯೋಚನೆ ಇದ್ದರೆ ಅಗೆಯುವ ಮೊದಲೇ ಆ ನಿರ್ಣಯ ಪಡೆಯಬೇಕು. ಜಮೀನಿನ ಒಂದು ಭಾಗ ಸಂರಕ್ಷಣಾ ಮೀಸಲು ಕರಾರಿನಲ್ಲಿದ್ದರೆ, ಅಂದರೆ 10–15 ವರ್ಷ ಹುಲ್ಲು ಬೆಳೆಸಿ ವಾರ್ಷಿಕ ಬಾಡಿಗೆ ಪಡೆಯುವ ಯೋಜನೆಯಲ್ಲಿದ್ದರೆ, ಕೊಂಡವರು 60 ದಿನಗಳೊಳಗೆ ಕರಾರನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಬೇಕು. ತಪ್ಪಿದರೆ ಕರಾರು ರದ್ದಾಗಿ, ಹಿಂದೆ ಪಡೆದ ಬಾಡಿಗೆಯನ್ನೇ ಮರಳಿ ಕೇಳುವ ಪ್ರಮೇಯ ಬರುತ್ತದೆ. ಅದು ಯಾರ ತಲೆಗೆ ಎನ್ನುವುದನ್ನು ಕ್ರಯಪತ್ರದಲ್ಲೇ ಬರೆಸಿ.

ಗೇಣಿದಾರ ಏನು ಮಾಡಬೇಕೆಂಬುದೂ ಗೊತ್ತಿರಲಿ, ಅವನು ತಪ್ಪಿದರೆ ಗುತ್ತಿಗೆಗೇ ಪೆಟ್ಟು. ಮಾರ್ಚ್‌ನಲ್ಲಿ ಎಆರ್‌ಸಿ ಅಥವಾ ಪಿಎಲ್‌ಸಿ ಕರಾರಿನ ನೋಂದಣಿ, ಬಿತ್ತಿದ ಎಕರೆಯ ವರದಿ ‘ಎಫ್‌ಎಸ್‌ಎ-578’ ಸಾಮಾನ್ಯವಾಗಿ ಜುಲೈ 15ರೊಳಗೆ, ಆದಾಯದ ಘೋಷಣೆ ‘ಸಿಸಿಸಿ-941’, ಕೃಷಿ ನಿರ್ವಹಣೆಯ ವಿವರ ‘ಸಿಸಿಸಿ-902’. ಮೂರು ವರ್ಷಗಳ ಸರಾಸರಿ ಆದಾಯ 9 ಲಕ್ಷ ಡಾಲರ್ ಮೀರಿದವರಿಗೆ ಸಾಮಾನ್ಯವಾಗಿ ಅರ್ಹತೆಯಿಲ್ಲ. ಹಣ ತಪ್ಪುವುದು ಹೆಚ್ಚಾಗಿ ಈ ದಿನಾಂಕಗಳಲ್ಲೇ, ದೊಡ್ಡ ಕಾನೂನು ತೊಡಕುಗಳಲ್ಲಲ್ಲ.

ಕಡೆಗೆ ವೀಸಾ. ಬೆಳೆಯ ಪಾಲಿನ ಕರಾರು ಮಾಡಿಕೊಂಡು ತಾವೂ ಸಬ್ಸಿಡಿ ಪಡೆಯೋಣ ಎಂದು ನಿಮ್ಮ ತಮ್ಮ ಯೋಚಿಸಬಹುದು. ನಾಗರಿಕರಿಗೂ ಗ್ರೀನ್ ಕಾರ್ಡ್ ಇರುವ ಕಾಯಂ ನಿವಾಸಿಗಳಿಗೂ ಆ ದಾರಿ ತೆರೆದಿದೆ. ಸ್ವಂತ ಭೂಮಿ ಕೊಟ್ಟು ಬೆಳೆಯ ಲಾಭನಷ್ಟದಲ್ಲಿ ಪಾಲು ಪಡೆದರೆ ಸಾಕು. ಕೆಲಸದ ವೀಸಾದವರನ್ನು ಈ ಯೋಜನೆಗಳು ವಿದೇಶಿ ಎಂದೇ ಎಣಿಸುತ್ತವೆ. ಭೂಮಿ, ಬಂಡವಾಳ ಮಾತ್ರವಲ್ಲದೆ ಗಣನೀಯ ಪ್ರಮಾಣದಲ್ಲಿ ತಾವೇ ಮೈಮುರಿದು ದುಡಿದಿದ್ದರೆ ಮಾತ್ರ ಹಣ. ಕಚೇರಿ ಕೆಲಸದಲ್ಲಿರುವವರಿಗೆ ಅದು ಆಗದ ಮಾತು, ಹಾಗೆ ಹೊಲದಲ್ಲಿ ದುಡಿದರೆ ವೀಸಾದ ಷರತ್ತಿಗೂ ತೊಡಕಾದೀತು. ಅದನ್ನು ವಲಸೆ ವಕೀಲರಲ್ಲಿ ವಿಚಾರಿಸಲೇಬೇಕು.

ಸಬ್ಸಿಡಿ ಬೇಡವೆಂದರೂ ಒಂದು ಕೆಲಸ ತಪ್ಪಿಸುವಂತಿಲ್ಲ. ವಿದೇಶಿಯರು ಕೃಷಿ ಭೂಮಿ ಕೊಂಡರೆ ವರದಿ ಮಾಡಬೇಕೆಂಬ 1978ರ ಕಾನೂನಿನಡಿ, ಕೊಂಡ 90 ದಿನಗಳೊಳಗೆ ‘ಎಫ್‌ಎಸ್‌ಎ-153’ ನಮೂನೆಯನ್ನು ಸಲ್ಲಿಸಬೇಕು. ಕಾಯಂ ನಿವಾಸಿಯಲ್ಲದ ಕೆಲಸದ ವೀಸಾದವರಿಗೂ ಇದು ಅನ್ವಯ. ಮರೆತರೆ ದಂಡ ಭೂಮಿಯ ಮಾರುಕಟ್ಟೆ ಬೆಲೆಯ ಶೇ. 25ರವರೆಗೆ ಹೋಗಬಹುದು. ರಾಜ್ಯದ ಕಾನೂನು ಬೇರೆಯೇ ಇರುತ್ತದೆ. ಪಕ್ಕದ ಅಯೋವಾದಲ್ಲಿ ಅನಿವಾಸಿ ವಿದೇಶಿಯರು ಕೃಷಿ ಭೂಮಿ ಕೊಳ್ಳುವುದಕ್ಕೇ ನಿರ್ಬಂಧವಿದೆ. ಮುಂಗಡ ಕೊಡುವ ಮೊದಲು ಇಲಿನಾಯ್‌ನ ಭೂ ವ್ಯವಹಾರ ಬಲ್ಲ ವಕೀಲರಿಗೆ ವೀಸಾದ ಕಾಗದ, ‘156 ಇಝಡ್’, ಗುತ್ತಿಗೆ ಕರಾರಿನ ಕರಡು ಮೂರನ್ನೂ ಒಟ್ಟಿಗೆ ತೋರಿಸಲಿ.